ಜೇಬಿನಲ್ಲಿ ಉಳಿದಿದ್ದು 38 ಸೆಂಟ್: ಅಮೆರಿಕವನ್ನೇ ಹಾಡಿಸಿದ ಸ್ಟೀಫನ್ ಫಾಸ್ಟರ್ ತಮ್ಮ ಹಾಡುಗಳನ್ನು ಮಾರಿಕೊಂಡ ಕಥೆ

1864ರ ಜನವರಿ 13. ನ್ಯೂಯಾರ್ಕ್‌ನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ 37 ವರ್ಷದ ವ್ಯಕ್ತಿಯೊಬ್ಬರು ಕೊನೆಯುಸಿರೆಳೆದರು. ಮೂರು ದಿನಗಳ ಹಿಂದೆ ಅಗ್ಗದ ಹೋಟೆಲ್ ಕೋಣೆಯೊಂದರಲ್ಲಿ ಜ್ವರದ ನಡುವೆ ಬಿದ್ದು, ಕುತ್ತಿಗೆಗೆ ಆಳವಾದ ಗಾಯವಾಗಿತ್ತು. ಅವರ ಬಳಿ ಸಿಕ್ಕ ಹಣ ಒಟ್ಟು 38 ಸೆಂಟ್. ಅದರಲ್ಲಿ 35 ಸೆಂಟ್ ಯುದ್ಧಕಾಲದ ಕಾಗದದ ಚಿಲ್ಲರೆ, ಉಳಿದಿದ್ದು ಮೂರು ನಾಣ್ಯ. ಜೊತೆಗೆ ಹೊಸ ಹಾಡಿನ ಆರಂಭದಂತಿದ್ದ ನಾಲ್ಕಾರು ಪದಗಳ ಒಂದು ಚೀಟಿ.

ಅವರು ಸ್ಟೀಫನ್ ಫಾಸ್ಟರ್. 'ಓ! ಸುಸಾನ್ನಾ', 'ಓಲ್ಡ್ ಫೋಕ್ಸ್ ಅಟ್ ಹೋಮ್', 'ಮೈ ಓಲ್ಡ್ ಕೆಂಟಕಿ ಹೋಮ್' ಹಾಡುಗಳ ಕರ್ತೃ. ಇವರ ಹೆಸರು ಕೇಳದವರೂ ಸುಸಾನ್ನಾ ಹಾಡಿನ ರಾಗವನ್ನು ಶಾಲೆಯಲ್ಲೋ, ಮಕ್ಕಳ ವಿಡಿಯೊದಲ್ಲೋ ಕೇಳಿರುತ್ತಾರೆ. ಇಷ್ಟು ಜನಪ್ರಿಯ ಹಾಡುಗಳ ಒಡೆಯ ಬರಿಗೈಯಲ್ಲಿ ಸತ್ತಿದ್ದು ಹೇಗೆ?

ಪ್ರಕಾಶಕರು ಮೋಸ ಮಾಡಿದರು, ಕುಡಿತ ಹಾಳು ಮಾಡಿತು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಫಾಸ್ಟರ್ ಅವರ ಲೆಕ್ಕಪತ್ರ ನೋಡಿದರೆ ಕಥೆ ಬೇರೆಯೇ ಇದೆ. ಅವರು ಒಪ್ಪಂದ ಗೊತ್ತಿಲ್ಲದ ಮುಗ್ಧರೇನೂ ಆಗಿರಲಿಲ್ಲ. ಆ ಕಾಲಕ್ಕೆ ಒಳ್ಳೆಯದೇ ಎನ್ನಬಹುದಾದ ಕರಾರು ಅವರ ಕೈಯಲ್ಲಿತ್ತು. ಅದನ್ನು ಅವರೇ ಇಡುಗಂಟಿಗೆ ಬಿಟ್ಟುಕೊಟ್ಟರು. ಒಮ್ಮೆ ಅಲ್ಲ, ಎರಡು ಬಾರಿ.

ಲೆಕ್ಕ ಬರೆಯುತ್ತಿದ್ದ ಹುಡುಗ

ಫಾಸ್ಟರ್ ಹುಟ್ಟಿದ್ದು 1826ರ ಜುಲೈ 4ರಂದು, ಪಿಟ್ಸ್‌ಬರ್ಗ್ ಬಳಿಯ ಲಾರೆನ್ಸ್‌ವಿಲ್‌ನಲ್ಲಿ. ಅಂದು ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ. ಮಾಜಿ ಅಧ್ಯಕ್ಷರಾದ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಇಬ್ಬರೂ ನಿಧನರಾದದ್ದು ಅದೇ ದಿನ. ತಂದೆ ವಿಲಿಯಂ ಫಾಸ್ಟರ್ ವ್ಯಾಪಾರ, ರಾಜಕೀಯ ಎರಡರಲ್ಲೂ ಇದ್ದವರು. ಆದರೆ ಸಾಲದಿಂದಾಗಿ ಸ್ವಂತ ಮನೆಯನ್ನೇ ಕಳೆದುಕೊಂಡರು. ದೊಡ್ಡ ಕುಟುಂಬ, ಊರಲ್ಲಿ ಹೆಸರು, ಕೈಯಲ್ಲಿ ಮಾತ್ರ ಹಣವಿಲ್ಲ. ಸ್ಟೀಫನ್ ಬೆಳೆದದ್ದು ಇಂಥ ಮನೆಯಲ್ಲಿ.

ಹದಿಹರೆಯದಲ್ಲೇ ರಾಗ ಕಟ್ಟತೊಡಗಿದ ಹುಡುಗನಿಗೆ ಕಾಲೇಜು ಹಿಡಿಸಲಿಲ್ಲ. ಮೊದಲ ಹಾಡು 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚಾದಾಗ ವಯಸ್ಸು 18. ಎರಡು ವರ್ಷದ ಬಳಿಕ ಸಿನ್ಸಿನಾಟಿಗೆ ಹೋಗಿ, ಅಣ್ಣ ಡನ್ನಿಂಗ್ ಪಾಲುದಾರರಾಗಿದ್ದ ಉಗಿಹಡಗು ವ್ಯವಹಾರದ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಜಮಾ ಖರ್ಚು ಬಲ್ಲ ವ್ಯಕ್ತಿ ಇವರು ಎಂಬುದು ಮುಂದಿನ ಕಥೆಗೆ ಮುಖ್ಯ.

ಆಗ ಹಾಡಿನ ವ್ಯಾಪಾರ ಎಂದರೆ ಶೀಟ್ ಮ್ಯೂಸಿಕ್. ಸಾಹಿತ್ಯ ಮತ್ತು ಸ್ವರಲಿಪಿಯನ್ನು ಹಾಳೆಯಲ್ಲಿ ಮುದ್ರಿಸಿ ಅಂಗಡಿಯಲ್ಲಿ ಮಾರುತ್ತಿದ್ದರು. ಸಾಮಾನ್ಯವಾಗಿ ಬೆಲೆ 25 ಸೆಂಟ್. ಮಧ್ಯಮ ವರ್ಗದ ಮನೆಗಳಲ್ಲಿ ಪಿಯಾನೊ ಇತ್ತು, ಸಂಜೆ ಮನೆಯವರು ಸೇರಿ ಹಾಡುತ್ತಿದ್ದರು. ರೆಕಾರ್ಡ್ ಇಲ್ಲ, ರೇಡಿಯೊ ಇಲ್ಲ. ಹಾಡೊಂದು ಊರಿಂದೂರಿಗೆ ಹೋಗಬೇಕಾದರೆ ಹಾಳೆಯ ಮೂಲಕ, ಇಲ್ಲವೇ ಊರೂರು ತಿರುಗುವ ಗಾಯಕ ತಂಡಗಳ ಮೂಲಕ.

ಕೊಟ್ಟು ಕಳೆದುಕೊಂಡ ಮೊದಲ ಹಿಟ್

1847ರ ಸೆಪ್ಟೆಂಬರ್ 11ರಂದು ಪಿಟ್ಸ್‌ಬರ್ಗ್‌ನ ಐಸ್‌ಕ್ರೀಮ್ ಸಲೂನ್ ಒಂದರಲ್ಲಿ 'ಓ! ಸುಸಾನ್ನಾ' ಮೊದಲ ಬಾರಿ ಜನರ ಮುಂದೆ ಬಂತು. ಮರುವರ್ಷ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಪ್ರಕಾಶಕರೊಬ್ಬರು ಅದನ್ನು ಅಚ್ಚು ಹಾಕಿದರು. 1849ರಲ್ಲಿ ಚಿನ್ನ ಅರಸಿ ಕ್ಯಾಲಿಫೋರ್ನಿಯಾಕ್ಕೆ ಹೊರಟ ಸಾವಿರಾರು ಜನರ ಬಾಯಲ್ಲಿ ಇದೇ ಹಾಡು.

ಮೂರು ವರ್ಷಗಳಲ್ಲಿ ಬೇರೆ ಬೇರೆ ಪ್ರಕಾಶಕರು ಇದನ್ನು 20ಕ್ಕೂ ಹೆಚ್ಚು ಬಾರಿ ಅಚ್ಚು ಹಾಕಿದರು. ಇಷ್ಟೊಂದು ಜನ ಒಂದೇ ಹಾಡನ್ನು ಮುದ್ರಿಸಲು ಹೇಗೆ ಸಾಧ್ಯವಾಯಿತು? ಫಾಸ್ಟರ್ ತಮ್ಮ ಹಾಡುಗಳ ಹಸ್ತಪ್ರತಿಯನ್ನು ಗಾಯಕ ತಂಡಗಳಿಗೆ ಧಾರಾಳವಾಗಿ ಕೊಡುತ್ತಿದ್ದರು. ಯಾರು ಯಾವ ಪ್ರತಿಯನ್ನು ಪ್ರಕಾಶಕರ ಕೈಗೆ ಮುಟ್ಟಿಸಿದರೋ, ಅವರದ್ದೊಂದು ಮುದ್ರಣ. ಗಾಯಕರು ಹಾಡಿದಷ್ಟೂ ಹೆಸರು ಬರುತ್ತದೆ ಎಂಬುದು ಅವರ ಲೆಕ್ಕಾಚಾರ. ಹೆಸರು ಬಂತು, ಹಣ ಬರಲಿಲ್ಲ. ಸಿನ್ಸಿನಾಟಿಯ ಪ್ರಕಾಶಕ ಡಬ್ಲ್ಯು.ಸಿ. ಪೀಟರ್ಸ್ ಅವರಿಂದ ಈ ಹಾಡಿಗೆ ಫಾಸ್ಟರ್ ಪಡೆದದ್ದು 100 ಡಾಲರ್ ಎಂದು ಜೀವನಚರಿತ್ರೆಗಳು ಹೇಳುತ್ತವೆ. ಫಾಸ್ಟರ್ ಹಾಡುಗಳಿಂದ ಪೀಟರ್ಸ್ ಗಳಿಸಿದ್ದು 10 ಸಾವಿರ ಡಾಲರ್ ಎಂಬ ಮಾತೂ ಇದೆ.

ಸೋಷಿಯಲ್ ಮೀಡಿಯಾದಲ್ಲಿ ಹೆಸರು ಬರಲಿ ಎಂದು ಟ್ಯೂನ್ ಅನ್ನು ಪುಕ್ಕಟೆ ಹಂಚುವ ಇಂದಿನ ಹುಡುಗರಿಗೆ ಇದು ಹೊಸದೇನಲ್ಲ. ಆದರೆ ಫಾಸ್ಟರ್ ಇದರಿಂದ ಬೇಗ ಪಾಠ ಕಲಿತರು.

2 ಸೆಂಟ್‌ನ ಕರಾರು

1849ರಲ್ಲಿ ನ್ಯೂಯಾರ್ಕ್‌ನ ಫರ್ತ್, ಪಾಂಡ್ ಅಂಡ್ ಕಂಪನಿ ಜೊತೆ ಫಾಸ್ಟರ್ ಒಪ್ಪಂದ ಮಾಡಿಕೊಂಡರು. ಮಾರಾಟವಾಗುವ ಪ್ರತಿ ಹಾಳೆಗೆ 2 ಸೆಂಟ್ ರಾಯಲ್ಟಿ. 25 ಸೆಂಟ್ ಬೆಲೆಗೆ ಹೋಲಿಸಿದರೆ ಶೇ 8. ಹಾಡು ಬರೆದವರಿಗೆ ಒಂದಿಷ್ಟು ದುಡ್ಡು ಕೊಟ್ಟು ಸಾಗಹಾಕುತ್ತಿದ್ದ ದಿನಗಳಲ್ಲಿ ಇದು ದೊಡ್ಡ ಮಾತು. ಅದನ್ನೇ ನಂಬಿ ಅವರು ಗುಮಾಸ್ತಿಕೆ ಬಿಟ್ಟರು. ಹಾಡು ಬರೆದೇ ಸಂಸಾರ ನಡೆಸಲು ಹೊರಟ ಮೊದಲ ಅಮೆರಿಕನ್ನರಲ್ಲಿ ಫಾಸ್ಟರ್ ಒಬ್ಬರು. 1850ರಲ್ಲಿ ಜೇನ್ ಮೆಕ್‌ಡೊವೆಲ್ ಜೊತೆ ಮದುವೆಯಾಯಿತು. ಮರುವರ್ಷ ಮಗಳು ಮೇರಿಯನ್ ಹುಟ್ಟಿದಳು.

ಆದರೂ ಆ ಒಪ್ಪಂದದಲ್ಲಿ ಗಮನಿಸಬೇಕಾದ ಅಂಶಗಳಿದ್ದವು. ಕಂಪನಿ 2 ಸೆಂಟ್ ಕೊಡಲು ಒಪ್ಪಿದ್ದು ಮುದ್ರಣದ ಖರ್ಚು ವಸೂಲಾದ ಮೇಲೆ. ಅಂದರೆ ಹಾಡು ಓಡದಿದ್ದರೆ ಬರೆದವರಿಗೆ ಏನೂ ಇಲ್ಲ. ಖರ್ಚು ಎಷ್ಟಾಯಿತು, ಎಷ್ಟು ಪ್ರತಿ ಹೋಯಿತು ಎಂದು ಹೇಳುವವರೂ ಪ್ರಕಾಶಕರೇ.

ಇನ್ನು ಕಾನೂನಿನ ರಕ್ಷಣೆ ಅಷ್ಟಕ್ಕಷ್ಟೆ. ಅಮೆರಿಕದ 1831ರ ಕಾಯ್ದೆ ಸಂಗೀತಕ್ಕೆ ಕಾಪಿರೈಟ್ ಕೊಟ್ಟಿತ್ತು ನಿಜ. 28 ವರ್ಷ, ಅದನ್ನು ನವೀಕರಿಸಿದರೆ ಮತ್ತೆ 14 ವರ್ಷ. ಆದರೆ ಅದು ಹಾಳೆಯನ್ನು ಮುದ್ರಿಸುವ ಹಕ್ಕು ಮಾತ್ರ. ಸಾವಿರಾರು ಜನರಿಂದ ಟಿಕೆಟ್ ಹಣ ಪಡೆದು ಯಾವ ತಂಡ ಹಾಡಿದರೂ ಬರೆದವರಿಗೆ ಒಂದು ಸೆಂಟ್ ಸಿಗುತ್ತಿರಲಿಲ್ಲ. ಸಾರ್ವಜನಿಕ ಪ್ರದರ್ಶನದ ಹಕ್ಕು ಅಮೆರಿಕದಲ್ಲಿ ಸಂಗೀತಕ್ಕೆ ಸಿಕ್ಕಿದ್ದು 1897ರಲ್ಲಿ. ವಿದೇಶಿ ಮುದ್ರಣಗಳಿಂದಲೂ ಆದಾಯವಿಲ್ಲ. ಬೇರೆ ದೇಶಗಳ ಜೊತೆ ಕಾಪಿರೈಟ್ ಸಂಬಂಧಕ್ಕೆ ಅಮೆರಿಕದ ಕಾನೂನು ದಾರಿ ಮಾಡಿದ್ದು 1891ರಲ್ಲಿ. ಹೀಗಾಗಿ ಹಾಡು ನೂರು ಕಡೆ ಗಳಿಸಿದರೂ, ಫಾಸ್ಟರ್ ಅವರಿಗೆ ಹಣ ಬರುತ್ತಿದ್ದುದು ಒಂದೇ ಬಾಗಿಲಿನಿಂದ.

ಹೆಸರನ್ನೇ ಮಾರಿದಾಗ

1851ರಲ್ಲಿ ಬಂದ 'ಓಲ್ಡ್ ಫೋಕ್ಸ್ ಅಟ್ ಹೋಮ್' ಅವರ ಅತಿ ದೊಡ್ಡ ಹಿಟ್. ಹಾಡಿನಲ್ಲಿ ಬರುವ ಫ್ಲೋರಿಡಾದ ಸುವಾನೀ ನದಿಯನ್ನು ಅವರು ಕಂಡವರೇ ಅಲ್ಲ. ಲಯಕ್ಕೆ ಹೊಂದುವ ನದಿಯ ಹೆಸರನ್ನು ಹುಡುಕಿದ್ದು ನಕಾಶೆಯಲ್ಲಿ.

ಆದರೆ ಆ ಹಾಡಿನ ಮುಖಪುಟದಲ್ಲಿ ಕರ್ತೃ ಎಂದು ಅಚ್ಚಾದ ಹೆಸರು ಸ್ಟೀಫನ್ ಫಾಸ್ಟರ್ ಅಲ್ಲ, ಇ.ಪಿ. ಕ್ರಿಸ್ಟಿ. ಕ್ರಿಸ್ಟಿ ಆಗಿನ ಪ್ರಸಿದ್ಧ ಮಿನ್‌ಸ್ಟ್ರೆಲ್ ತಂಡದ ಯಜಮಾನ. ಮಿನ್‌ಸ್ಟ್ರೆಲ್ ಎಂದರೆ ಬಿಳಿಯ ಕಲಾವಿದರು ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ರಂಗಪ್ರದರ್ಶನ. ಇಂಥ ಹಾಡುಗಳ ಜೊತೆ ತಮ್ಮ ಹೆಸರು ಸೇರಿದರೆ ಸಭ್ಯರ ಮನೆಗಳಲ್ಲಿ ಮರ್ಯಾದೆ ಹೋದೀತು ಎಂಬ ಅಳುಕು ಫಾಸ್ಟರ್ ಅವರಿಗಿತ್ತು. ಹಾಗಾಗಿ ಕರ್ತೃ ಎಂದು ಹಾಕಿಕೊಳ್ಳುವ ಅವಕಾಶವನ್ನು ಕ್ರಿಸ್ಟಿಗೆ ಮಾರಿದರು. ಬೆಲೆ 15 ಡಾಲರ್ ಎನ್ನುತ್ತವೆ ಜೀವನಚರಿತ್ರೆಗಳು.

ಹಾಡು ಕಾಡ್ಗಿಚ್ಚಿನಂತೆ ಹಬ್ಬಿದ ಮೇಲೆ, 1852ರ ಮೇ ತಿಂಗಳಲ್ಲಿ ಫಾಸ್ಟರ್ ಕ್ರಿಸ್ಟಿಗೆ ಪತ್ರ ಬರೆದರು. ತಮ್ಮ ಅಳುಕು ಹೋಗಿದೆ, ಇನ್ನು ಮುಂದೆ ಈ ಬಗೆಯ ಹಾಡುಗಳನ್ನು ಸ್ವಂತ ಹೆಸರಿನಲ್ಲೇ ಬರೆಯುತ್ತೇನೆ, ಈ ಹಾಡಿಗೂ ತಮ್ಮ ಹೆಸರು ಮರಳಿಸಿ ಎಂಬುದು ಪತ್ರದ ಸಾರ. ಕ್ರಿಸ್ಟಿ ಒಪ್ಪಲಿಲ್ಲ. ಮುಖಪುಟದಲ್ಲಿ ಫಾಸ್ಟರ್ ಹೆಸರು ಬಂದಿದ್ದು 1879ರಲ್ಲಿ, ಕಾಪಿರೈಟ್ ನವೀಕರಣದ ವೇಳೆ. ಅಷ್ಟರಲ್ಲಿ ಅವರು ತೀರಿಕೊಂಡು 15 ವರ್ಷವಾಗಿತ್ತು.

ಒಂದು ಸಮಾಧಾನವೆಂದರೆ, ಹೆಸರು ಮಾರಿದರೂ ರಾಯಲ್ಟಿಯನ್ನು ಅವರು ಮಾರಿರಲಿಲ್ಲ. ಕವರ್ ಮೇಲೆ ಯಾರ ಹೆಸರಿದ್ದರೂ ಹಣ ಬರುತ್ತಿದ್ದುದು ಫಾಸ್ಟರ್ ಅವರಿಗೆ. ಹೆಸರಿನ ಹಕ್ಕು ಬೇರೆ, ಹಣದ ಹಕ್ಕು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ತಾವೇ ಹಾಕಿದ ಬೆಲೆಗಿಂತ ಕಡಿಮೆಗೆ

1853ರಲ್ಲಿ 'ಮೈ ಓಲ್ಡ್ ಕೆಂಟಕಿ ಹೋಮ್', 1854ರಲ್ಲಿ 'ಜೀನಿ ವಿತ್ ದ ಲೈಟ್ ಬ್ರೌನ್ ಹೇರ್'. ಅಲ್ಲಿಂದ ಮುಂದೆ ಇಳಿಮುಖ. 1855ರಲ್ಲಿ ತಂದೆ, ತಾಯಿ ಇಬ್ಬರೂ ತೀರಿಕೊಂಡರು. ದಾಂಪತ್ಯದಲ್ಲಿ ಬಿರುಕು, ಕುಡಿತ, ಬಾಡಿಗೆ ಬಾಕಿ. ಹೊಸ ಹಾಡುಗಳು ಬೆರಳೆಣಿಕೆಗೆ ಇಳಿದವು. ಬದುಕು ಪ್ರಕಾಶಕರ ಮುಂಗಡದ ಮೇಲೆ ನಿಂತಿತು.

1857ರಲ್ಲಿ ಫಾಸ್ಟರ್ ಕಾಗದ ಹಿಡಿದು ಕುಳಿತು, ಹಳೆಯ ಗುಮಾಸ್ತಿಕೆಯ ಶಿಸ್ತಿನಿಂದ ಒಂದು ಪಟ್ಟಿ ಮಾಡಿದರು. ಯಾವ ಹಾಡು ಇಲ್ಲಿಯವರೆಗೆ ಎಷ್ಟು ತಂದಿದೆ, ಮುಂದೆ ಎಷ್ಟು ತರಬಹುದು ಎಂಬ ಲೆಕ್ಕ ಅದು. 'ಓಲ್ಡ್ ಫೋಕ್ಸ್ ಅಟ್ ಹೋಮ್' 1,647 ಡಾಲರ್, 'ಮೈ ಓಲ್ಡ್ ಕೆಂಟಕಿ ಹೋಮ್' 1,372 ಡಾಲರ್ ತಂದಿದ್ದವು. ಫರ್ತ್, ಪಾಂಡ್ ಮತ್ತು ಬಾಲ್ಟಿಮೋರ್‌ನ ಬೆಂಟೀನ್ ಎಂಬ ಎರಡು ಪ್ರಕಾಶನಗಳಿಂದ ಅದುವರೆಗೆ ಬಂದಿದ್ದು ಸುಮಾರು 9,900 ಡಾಲರ್. ಈ ಎಲ್ಲ ಹಾಡುಗಳ ಮುಂದಿನ ಗಳಿಕೆಗೆ ಅವರು ಕಟ್ಟಿದ ಬೆಲೆ ಸುಮಾರು 2,787 ಡಾಲರ್.

ಅದನ್ನೂ ಪೂರ್ತಿ ಪಡೆಯಲಿಲ್ಲ. 1,872 ಡಾಲರ್‌ಗೆ ಎಲ್ಲ ಹಾಡುಗಳ ಮುಂದಿನ ಹಕ್ಕುಗಳನ್ನು ಎರಡೂ ಪ್ರಕಾಶಕರಿಗೆ ಬರೆದುಕೊಟ್ಟರು. ತಾವೇ ಕಟ್ಟಿದ ಬೆಲೆಯಲ್ಲಿ ಮೂರನೇ ಎರಡು ಭಾಗ ಮಾತ್ರ!

ಇಲ್ಲಿ ಪ್ರಕಾಶಕರು ಕದ್ದರು ಎನ್ನಲು ಆಗದು. ಫಾಸ್ಟರ್ ಮೋಸ ಹೋಗಿದ್ದು ತಮ್ಮದೇ ಅಂದಾಜಿನಿಂದ. ಹಾಡು ಹಳೆಯದಾದಂತೆ ಮಾರಾಟ ಇಳಿಯುತ್ತದೆ, ಐದಾರು ವರ್ಷಕ್ಕೆ ಸತ್ವ ಮುಗಿಯುತ್ತದೆ ಎಂಬುದು ಆಗಿನ ಅನುಭವ. ತಮ್ಮ ಹಾಡುಗಳನ್ನು ಮೊಮ್ಮಕ್ಕಳ ಕಾಲದವರೂ ಹಾಡುತ್ತಾರೆ ಎಂದು ಅವರು ಊಹಿಸಲಿಲ್ಲ. ಜೊತೆಗೆ ಮನೆ ಬಾಡಿಗೆ ಅಂದೇ ಕಟ್ಟಬೇಕಿತ್ತು. ಹಣದ ತುರ್ತು ಇರುವವರಿಗೆ ತಮ್ಮ ವಸ್ತುವಿನ ಬೆಲೆ ಯಾವಾಗಲೂ ಕಡಿಮೆಯಾಗಿಯೇ ಕಾಣುತ್ತದೆ.

ಮತ್ತೆ ಅದೇ ದಾರಿ

ಆ ಹಣ ಕರಗಿತು. ಮತ್ತೆ ಕರಾರು, ಮತ್ತೆ ಮುಂಗಡ. ಮುಂಗಡ ಎಂದರೆ ಬಹುಮಾನವಲ್ಲ, ಮುಂದೆ ಬರುವ ರಾಯಲ್ಟಿಯಲ್ಲಿ ಮುರಿದುಕೊಳ್ಳುವ ಸಾಲ. 1860ರ ಹೊತ್ತಿಗೆ ಫಾಸ್ಟರ್ ಪ್ರಕಾಶಕರಿಗೆ ಸುಮಾರು 1,400 ಡಾಲರ್ ಬಾಕಿ ಇದ್ದರು. ಎರಡನೇ ಬಾರಿ ಹಕ್ಕುಗಳನ್ನು ಮಾರಿದರು. ಬೆಲೆ 1,600 ಡಾಲರ್. ಸಾಲ ಕಳೆದು ಕೈಗೆ ಬಂದಿದ್ದು 203 ಡಾಲರ್ ಚಿಲ್ಲರೆ.

ಆ ಪಟ್ಟಿಯಲ್ಲಿದ್ದ ಹಾಡುಗಳು ಹೋದವು. ಹೆಂಡತಿ, ಮಗಳೊಂದಿಗೆ ನ್ಯೂಯಾರ್ಕ್‌ಗೆ ಬಂದರು. ಸ್ವಲ್ಪ ಕಾಲಕ್ಕೆ ಅವರಿಬ್ಬರೂ ಪೆನ್ಸಿಲ್ವೇನಿಯಾಕ್ಕೆ ಮರಳಿದರು. ಅಂತರ್ಯುದ್ಧ ಶುರುವಾಗಿತ್ತು, ಜನರ ಅಭಿರುಚಿ ಬದಲಾಗಿತ್ತು. ಫಾಸ್ಟರ್ ಯುವ ಕವಿ ಜಾರ್ಜ್ ಕೂಪರ್ ಜೊತೆ ಸೇರಿ ಹಾಡುಗಳನ್ನು ಬರೆದರು. 1863ರ ಒಂದೇ ವರ್ಷದಲ್ಲಿ 40ಕ್ಕೂ ಹೆಚ್ಚು ಹಾಡುಗಳು ಪ್ರಕಟವಾದವು. ಈ ದಿನಗಳಲ್ಲಿ ರಾಯಲ್ಟಿಗೆ ಕಾಯುವ ಸ್ಥಿತಿ ಅವರದ್ದಲ್ಲ. ಬರೆದ ಹಾಡನ್ನು ಸಿಕ್ಕಷ್ಟಕ್ಕೆ ಮಾರಿ ಆ ದಿನದ ಊಟ ನೋಡಿಕೊಳ್ಳಬೇಕಿತ್ತು. ಹೋಟೆಲ್ ಕೋಣೆಯಲ್ಲಿ ಗಾಯಗೊಂಡು ಬಿದ್ದಿದ್ದ ಫಾಸ್ಟರ್ ಅವರ ನೆರವಿಗೆ ಬಂದಿದ್ದೂ ಕೂಪರ್ ಅವರೇ.

1849ರಿಂದ 1860ರವರೆಗೆ ರಾಯಲ್ಟಿ ಮತ್ತು ಹಕ್ಕು ಮಾರಾಟದಿಂದ ಅವರಿಗೆ ಬಂದಿದ್ದು ಸುಮಾರು 15,091 ಡಾಲರ್. ವರ್ಷಕ್ಕೆ ಸರಾಸರಿ 1,370 ಡಾಲರ್. ಬದುಕಲಾಗದಷ್ಟು ಕಡಿಮೆಯೇನಲ್ಲ. ಆದರೆ ಈ 11 ವರ್ಷದ ಗಳಿಕೆಯ ಆಚೆ, ಅದೇ ಹಾಡುಗಳಿಂದ ಜೀವಮಾನವಿಡೀ ಬರಬೇಕಿದ್ದ ಆದಾಯ ಅವರಿಗೆ ಇರಲಿಲ್ಲ.

ಸತ್ತ ಮೇಲೂ ದುಡಿದ ಹಾಡುಗಳು

ಫಾಸ್ಟರ್ ತೀರಿಕೊಂಡ ಎರಡು ತಿಂಗಳಲ್ಲಿ 'ಬ್ಯೂಟಿಫುಲ್ ಡ್ರೀಮರ್' ಮಾರುಕಟ್ಟೆಗೆ ಬಂತು. ಇದು ಅವರ ಕೊನೆಯ ಹಾಡು ಎಂದು ಪ್ರಕಾಶಕರು ಪ್ರಚಾರ ಮಾಡಿದರು. ಇಂದಿಗೂ ಅವರ ಅತಿ ಹೆಚ್ಚು ಹಾಡಲಾಗುವ ಗೀತೆಗಳಲ್ಲಿ ಅದೂ ಒಂದು.

ಕಾನೂನು ಒಂದು ಕಿಟಕಿಯನ್ನು ತೆರೆದಿಟ್ಟಿತ್ತು. 28 ವರ್ಷದ ಮೊದಲ ಅವಧಿ ಮುಗಿದಾಗ ಕಾಪಿರೈಟ್ ನವೀಕರಿಸುವ ಹಕ್ಕು ಮೃತ ಲೇಖಕರ ಪತ್ನಿ ಮತ್ತು ಮಕ್ಕಳಿಗಿತ್ತು. ಹಾಡನ್ನು ಮಾರಿಬಿಟ್ಟಿದ್ದ ಫಾಸ್ಟರ್ ಅವರ ಜೇನ್ ಮತ್ತು ಮೇರಿಯನ್‌ಗೆ ಮತ್ತೆ ಸ್ವಲ್ಪ ಹಣ ಕಾಣಲು ಇದು ದಾರಿಯಾಯಿತು. ಒಟ್ಟಾರೆ ವಾರಸುದಾರರಿಗೆ ಬಂದ ರಾಯಲ್ಟಿ ಸುಮಾರು 4,200 ಡಾಲರ್.

1928ರಲ್ಲಿ ಕೆಂಟಕಿ, 1935ರಲ್ಲಿ ಫ್ಲೋರಿಡಾ ರಾಜ್ಯ ಫಾಸ್ಟರ್ ಹಾಡುಗಳನ್ನು ರಾಜ್ಯಗೀತೆ ಮಾಡಿಕೊಂಡವು. 1941ರಲ್ಲಂತೂ ವಿಚಿತ್ರ ನಡೆಯಿತು. ಗೀತರಚನೆಕಾರರ ಸಂಘ ಆಸ್ಕ್ಯಾಪ್ ರಾಯಲ್ಟಿ ದರ ಏರಿಸಲು ಹೊರಟಾಗ ರೇಡಿಯೊ ಜಾಲಗಳು ಸಂಘದ ಹಾಡುಗಳನ್ನೇ ನಿಲ್ಲಿಸಿದವು. ಬದಲಿಗೆ ಕಾಪಿರೈಟ್ ಮುಗಿದಿದ್ದ ಫಾಸ್ಟರ್ ಹಾಡುಗಳನ್ನು ತಿಂಗಳುಗಟ್ಟಲೆ ನುಡಿಸಿದವು. ಜೀನಿ ಹಾಡು ಕೇಳಿ ಕೇಳಿ ಜನ ಬೇಸತ್ತರು. ಹಕ್ಕಿಲ್ಲದೆ ಸತ್ತ ಹಾಡುಗಾರನ ಹಾಡುಗಳೇ ಹಕ್ಕು ಕೇಳಿದ ಹಾಡುಗಾರರ ವಿರುದ್ಧ ಬಳಕೆಯಾದವು.

ಫಾಸ್ಟರ್ ಅವರನ್ನು ಇಂದು ಬರೀ ಅಭಿಮಾನದಿಂದ ನೋಡಲು ಬರುವುದಿಲ್ಲ. ಗುಲಾಮಗಿರಿಯ ಕಾಲದ ಅಣಕು ಭಾಷೆ, ಕಪ್ಪು ಜನರ ಅವಹೇಳನ ಅವರ ಹಲವು ಹಾಡುಗಳಲ್ಲಿದೆ. ಎರಡೂ ರಾಜ್ಯಗೀತೆಗಳ ಸಾಹಿತ್ಯವನ್ನು ನಂತರ ತಿದ್ದಲಾಗಿದೆ. ಪಿಟ್ಸ್‌ಬರ್ಗ್‌ನಲ್ಲಿದ್ದ ಅವರ ಪ್ರತಿಮೆಯನ್ನು 2018ರಲ್ಲಿ ತೆಗೆಯಲಾಯಿತು. ಅವರ ಪಾದದ ಬಳಿ ಬ್ಯಾಂಜೊ ಹಿಡಿದ ಕಪ್ಪು ಸಂಗೀತಗಾರನನ್ನು ಕೂರಿಸಿದ್ದ ಪ್ರತಿಮೆ ಅದು.

ನಮ್ಮ ಹಾಡುಗಾರರಿಗೆ ಇದರಲ್ಲೇನಿದೆ?

ಭಾರತದಲ್ಲೂ ಸಿನಿಮಾ ಹಾಡು ಬರೆದವರು ದಶಕಗಳ ಕಾಲ ಇಡುಗಂಟಿಗೇ ಸಹಿ ಹಾಕಿದರು. ಸಂಭಾವನೆ ಕೊಟ್ಟು ಬರೆಸಿಕೊಂಡ ಹಾಡಿನ ಹಕ್ಕು ನಿರ್ಮಾಪಕರದ್ದು ಎಂಬ ವಾದವನ್ನು 1977ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು. ಪರಿಸ್ಥಿತಿ ಬದಲಾದದ್ದು 2012ರ ಕಾಪಿರೈಟ್ ತಿದ್ದುಪಡಿಯಿಂದ. ಜಾವೇದ್ ಅಖ್ತರ್ ಇದಕ್ಕಾಗಿ ರಾಜ್ಯಸಭೆಯ ಒಳಗೂ ಹೊರಗೂ ದನಿ ಎತ್ತಿದ್ದರು.

ಈಗ ಸಾಹಿತಿ ಮತ್ತು ಸಂಗೀತ ನಿರ್ದೇಶಕರು ಸಿನಿಮಾ ಹಾಡಿನ ಹಕ್ಕನ್ನು ಬರೆದುಕೊಟ್ಟರೂ, ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ತೋರಿಸುವುದನ್ನು ಬಿಟ್ಟು ಉಳಿದ ಬಳಕೆಯ ರಾಯಲ್ಟಿಯಲ್ಲಿ ಸಮಪಾಲು ಕಾನೂನಿನಂತೆ ಅವರದ್ದು. ಅದನ್ನು ಬಿಟ್ಟುಕೊಡುತ್ತೇನೆ ಎಂದು ಸಹಿ ಹಾಕಿದರೂ ಅದು ನಿಲ್ಲದು. ವಾರಸುದಾರರಿಗೆ ಅಥವಾ ಹಣ ಸಂಗ್ರಹಿಸಿ ಹಂಚುವ ಕಾಪಿರೈಟ್ ಸೊಸೈಟಿಗೆ ಮಾತ್ರ ಅದನ್ನು ವಹಿಸಬಹುದು. ಮುಂಬೈನಲ್ಲಿರುವ ಐಪಿಆರ್‌ಎಸ್ ಅಂಥದ್ದೊಂದು ಸೊಸೈಟಿ. ಸದಸ್ಯರಾಗದೆ ಕುಳಿತರೆ ಹಣ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ.

ಇನ್ನೂ ಕೆಲವು ರಕ್ಷಣೆಗಳಿವೆ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು. ಯಾವ ಹಾಡು, ಯಾವ ಹಕ್ಕು, ಎಷ್ಟು ವರ್ಷ, ಯಾವ ದೇಶ, ರಾಯಲ್ಟಿ ಎಷ್ಟು ಎಂಬುದು ಅದರಲ್ಲಿರಬೇಕು. ಅವಧಿ ಬರೆದಿಲ್ಲದಿದ್ದರೆ ಅದು 5 ವರ್ಷ, ಪ್ರದೇಶ ಬರೆದಿಲ್ಲದಿದ್ದರೆ ಭಾರತ ಮಾತ್ರ. ಪಡೆದವರು ಒಂದು ವರ್ಷ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಆ ಹಕ್ಕು ಮರಳುತ್ತದೆ. ಹಾಗಾಗಿ ಕರಾರಿನಲ್ಲಿ ಶಾಶ್ವತವಾಗಿ, ಜಗತ್ತಿನಾದ್ಯಂತ ಎಂಬ ಪದಗಳು ಕಂಡರೆ ಪೆನ್ನು ಕೆಳಗಿಟ್ಟು ಕೇಳಬೇಕು. ಯಾವ ಖರ್ಚನ್ನು ಮೊದಲು ಮುರಿದುಕೊಳ್ಳುತ್ತಾರೆ, ಲೆಕ್ಕ ಯಾವಾಗ ತೋರಿಸುತ್ತಾರೆ, ಮುಂಗಡ ಯಾವುದರಿಂದ ವಸೂಲಾಗುತ್ತದೆ, ಹೆಸರು ಎಲ್ಲೆಲ್ಲಿ ಹಾಕುತ್ತಾರೆ ಎಂಬುದನ್ನೂ ಕೇಳಬೇಕು.

ನಮ್ಮಲ್ಲಿ ಹಾಡಿನ ಕಾಪಿರೈಟ್ ಬರೆದವರ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷ. ಅಂದರೆ 25ರ ಹರೆಯದಲ್ಲಿ ಹಾಕಿದ ಒಂದು ಸಹಿ ಇನ್ನೂ ಹುಟ್ಟದ ಮಕ್ಕಳ, ಮೊಮ್ಮಕ್ಕಳ ಪಾಲನ್ನೂ ತೀರ್ಮಾನಿಸುತ್ತದೆ. ಫಾಸ್ಟರ್ ಅವರಿಗೆ ಲೆಕ್ಕ ಬರುತ್ತಿತ್ತು. ಆದರೆ ಹಾಡಿನ ಆಯುಷ್ಯವನ್ನು ತಮ್ಮ ಅಂದಿನ ಬಾಡಿಗೆ ಬಾಕಿಯಿಂದ ಅಳೆದರು. ಸಾಲ ತೀರಿಸಲು ಬೇರೆ ದಾರಿ ಇರುವವರು ಹಾಡು ಮಾರುವ ಮುನ್ನ ಆ ದಾರಿಯನ್ನು ನೋಡುವುದು ಲೇಸು. ದಾರಿಯೇ ಇಲ್ಲದಿದ್ದರೂ, ಹಕ್ಕನ್ನು ಪೂರ್ತಿ ಮಾರುವ ಬದಲು ಐದು ವರ್ಷಕ್ಕೆ ಬರೆದುಕೊಡಲು ಬರುತ್ತದೆಯೇ ಎಂದಾದರೂ ಕೇಳಬೇಕು.